ಹಾಸನ, ಚಿಕ್ಕಮಗಳೂರಿಂದ ದೂರದ ಊರಿಗೆ ವಿಮಾನದಲ್ಲಿ: ದೂರ ಎಷ್ಟು, ಟೈಮ್ ಎಷ್ಟು ಅಂತ ತಪ್ಪಿಲ್ದೆ ಲೆಕ್ಕ ಹಾಕೋದು ಹೇಗೆ

ಮಗಳ ಬಾಣಂತನಕ್ಕೆ ಲಂಡನ್‌ಗೋ ನ್ಯೂಯಾರ್ಕಿಗೋ ಹೊರಟ ಅಪ್ಪ ಅಮ್ಮ, ದುಬೈಗೆ ಕೆಲ್ಸಕ್ಕೆ ಹೊರಟ ಹುಡುಗ್ರು, ಓದೋಕೆ ಜರ್ಮನಿಗೆ ಹೊರಟ ಮಕ್ಳು, ನಮ್ ಕಡೆ ಎಲ್ರೂ ಎಡವೋದು ಒಂದೇ ಲೆಕ್ಕದಲ್ಲಿ. ಟಿಕೆಟ್ ನೋಡಿ "ಬರೀ ಒಂಬತ್ತು ಗಂಟೆ ಅಷ್ಟೇ" ಅಂತಾರೆ, ಆಮೇಲೆ ನೋಡಿದ್ರೆ ಅದು ಇಪ್ಪತ್ತು ಗಂಟೆ. ಇಲ್ಲಾ 20ನೇ ತಾರೀಖು ವಿಮಾನ ಅಂತ 20ನೇ ತಾರೀಖು ಬೆಳಗ್ಗೆ ಹಾಸನ ಬಿಡ್ತಾರೆ, ವಿಮಾನ ಹಿಂದಿನ ರಾತ್ರಿನೇ ಹಾರಿ ಹೋಗಿರುತ್ತೆ. ವಿಮಾನದಲ್ಲಿ ಕೂರೋ ಟೈಮು ಇಡೀ ಪ್ರಯಾಣದಲ್ಲಿ ಸುಮಾರು ಅರ್ಧ ಅಷ್ಟೇ. ಉಳಿದಿದ್ದು ರೋಡು, ಕ್ಯೂ, ಕಾಯೋದು. ಅದ್ರ ಮೇಲೆ ಎರಡು ಊರಿನ ಗಡಿಯಾರದ ವ್ಯತ್ಯಾಸ ಬೇರೆ ಲೆಕ್ಕ ತಪ್ಪಿಸುತ್ತೆ. ಅದಕ್ಕೇ ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕೋ ಕ್ರಮನ ಇಲ್ಲಿ ಒಂದೊಂದಾಗಿ ಬರೆದಿದೀನಿ. ಕ್ರಮ ಬದಲಾಯಿಸ್ಬೇಡಿ, ಮುಂದಿನ ಹಂತಕ್ಕೆ ಹಿಂದಿನ ಹಂತದ ಉತ್ತರ ಬೇಕಾಗುತ್ತೆ.

ಶುರು ಮಾಡೋ ಮುಂಚೆ ಕೈಯಲ್ಲಿ ಇರ್ಬೇಕಾದ್ದು

ಜಾಸ್ತಿ ಏನೂ ಬೇಡ. ಟಿಕೆಟ್ ಅಥವಾ ಬುಕ್ ಮಾಡ್ಬೇಕು ಅಂತಿರೋ ವಿಮಾನದ ಸ್ಕ್ರೀನ್‌ಶಾಟ್, ಗೂಗಲ್ ಮ್ಯಾಪ್ ಇರೋ ಫೋನು, ಸೈಂಟಿಫಿಕ್ ಕ್ಯಾಲ್ಕುಲೇಟರ್ (ಎಷ್ಟೋ ಫೋನಲ್ಲಿ ಕ್ಯಾಲ್ಕುಲೇಟರ್ ತೆಗೆದು ಅಡ್ಡ ತಿರುಗಿಸಿದ್ರೆ ಸೈನ್ ಕಾಸ್ ಬಟನ್ ಬರುತ್ತೆ), ಒಂದು ಹಾಳೆ, ಒಂದು ಪೆನ್ನು. ಹಾಳೆ ಮೇಲೆ ಮೂರು ಕಾಲಮ್ ಗೀರ್ಕೊಳ್ಳಿ: ಎಲ್ಲಿ, ಅಲ್ಲಿನ ಗಡಿಯಾರದಲ್ಲಿ ಎಷ್ಟು, ನಮ್ಮ ಗಡಿಯಾರದಲ್ಲಿ ಎಷ್ಟು. ಮನಸ್ಸಲ್ಲೇ ಲೆಕ್ಕ ಹಾಕ್ತೀನಿ ಅಂದವ್ರೇ ಜಾಸ್ತಿ ತಪ್ಪೋದು, ದಯವಿಟ್ಟು ಬರೀರಿ.

ಹಂತ 1: ಊರು ಬಿಡಿ, ಏರ್‌ಪೋರ್ಟ್ ಹಿಡೀರಿ

"ಹಾಸನ ಟು ಲಂಡನ್ ದೂರ" ಅಂತ ಹುಡುಕೋದೇ ಮೊದಲ್ನೇ ತಪ್ಪು. ವಿಮಾನ ಹಾಸನದಿಂದ ಹಾರಲ್ಲ, ಬೆಂಗ್ಳೂರಿನ ದೇವನಹಳ್ಳಿ ಹತ್ರದ ಕೆಂಪೇಗೌಡ ಏರ್‌ಪೋರ್ಟಿಂದ ಹಾರುತ್ತೆ. ಹಾಸನದಿಂದ ಅಳೆದ್ರೆ ಲಂಡನ್ ನೂರು ಕಿಮೀ ಹತ್ರ ಕಮ್ಮಿನೇ ಬರುತ್ತೆ, ಯಾಕಂದ್ರೆ ನಾವು ಬೆಂಗ್ಳೂರಿಗಿಂತ ಪಶ್ಚಿಮಕ್ಕಿದೀವಿ. ಆದ್ರೆ ನೀವು ಮೊದ್ಲು ಪೂರ್ವಕ್ಕೆ 210 ಕಿಮೀ ಗಾಡಿಲಿ ಹೋಗಿ, ಅಲ್ಲಿಂದ ವಿಮಾನ ಹತ್ತಿ ವಾಪಸ್ ಪಶ್ಚಿಮಕ್ಕೆ ಹಾರ್ಬೇಕು. ಹಾಗಾಗಿ ಆ ನಂಬರಿಂದ ಏನೂ ಪ್ರಯೋಜನ ಇಲ್ಲ.

ದೂರ ತೋರ್ಸೋ ವೆಬ್‌ಸೈಟುಗಳಲ್ಲಿ ಇನ್ನೊಂದು ಕಷ್ಟ ಇದೆ. ಇಂಗ್ಲಿಷಲ್ಲಿ ಹಾಸನ ಅಂತ ಟೈಪ್ ಮಾಡಿದ್ರೆ ಕೆಲವು ಕಡೆ ಪಶ್ಚಿಮ ಸಹಾರಾದ ಲಾಯೂನ್‌ನಲ್ಲಿರೋ ಹಸನ್ ಏರ್‌ಪೋರ್ಟ್ ಬಂದುಬಿಡ್ಬಹುದು, ಸ್ಪೆಲಿಂಗ್ ಒಂದೇ. ಲಂಡನ್ ಅಂದ್ರೆ ಕೆನಡಾದಲ್ಲೂ ಒಂದು ಲಂಡನ್ ಇದೆ, ಸಿಡ್ನಿ ಅಂದ್ರೆ ಅದೂ ಕೆನಡಾದಲ್ಲಿ ಇನ್ನೊಂದಿದೆ. ಅದಕ್ಕೇ ಊರಿನ ಹೆಸರು ಬಿಟ್ಟು ಟಿಕೆಟಲ್ಲಿರೋ ಮೂರಕ್ಷರದ ಕೋಡ್ ನೋಡಿ. ಬೆಂಗ್ಳೂರಿಗೆ ಬಿಎಲ್‌ಆರ್, ಮಂಗ್ಳೂರಿಗೆ ಐಎಕ್ಸ್‌ಇ, ಲಂಡನ್ ಹೀಥ್ರೋಗೆ ಎಲ್‌ಎಚ್‌ಆರ್, ದುಬೈಗೆ ಡಿಎಕ್ಸ್‌ಬಿ.

ಒಂದೇ ಊರಿಗೆ ಎರಡು ಮೂರು ಏರ್‌ಪೋರ್ಟ್ ಇರೋದನ್ನೂ ಗಮನಿಸಿ. ಲಂಡನ್‌ಗೆ ಹೀಥ್ರೋ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್ ಅಂತ ಸುಮಾರಿವೆ. ನ್ಯೂಯಾರ್ಕಿಗೆ ಜೆಎಫ್‌ಕೆ, ನ್ಯೂವಾರ್ಕ್. ಗೋವಾಕ್ಕೂ ಈಗ ಎರಡು, ಹಳೇ ದಾಬೋಲಿಂ ಒಂದು, ಮೋಪಾ ಇನ್ನೊಂದು. ಬರೋರು ಒಂದು ಕಡೆ ಇಳಿದು ಕರ್ಕೊಂಡು ಹೋಗೋರು ಇನ್ನೊಂದು ಕಡೆ ನಿಂತಿರೋದು ಆಗ್ತಾನೇ ಇರುತ್ತೆ. ಕೋಡ್ ಬರ್ಕೊಳ್ಳಿ, ಆಮೇಲೆ ಮುಂದಿನ ಹಂತ.

ಹಂತ 2: ಆಕಾಶದಲ್ಲಿ ದೂರ ಎಷ್ಟು

ಎರಡು ದಾರಿ ಇದೆ, ಸುಲಭದ್ದು ಮೊದ್ಲು. ಗೂಗಲ್ ಮ್ಯಾಪಲ್ಲಿ ಕೆಂಪೇಗೌಡ ಏರ್‌ಪೋರ್ಟ್ ಮೇಲೆ ಒತ್ತಿ ಹಿಡೀರಿ, ಪಿನ್ ಬೀಳುತ್ತೆ, ಕೆಳಗಿನ ವಿವರ ಮೇಲಕ್ಕೆ ಎಳೆದ್ರೆ ದೂರ ಅಳೆಯೋ ಆಯ್ಕೆ ಇರುತ್ತೆ. ಅದನ್ನ ಒತ್ತಿ ಮ್ಯಾಪನ್ನ ಆ ಕಡೆ ಏರ್‌ಪೋರ್ಟ್ ತನಕ ಸರಿಸಿದ್ರೆ ಆಯ್ತು, ನೇರ ದೂರ ಬರುತ್ತೆ. "ಡೈರೆಕ್ಷನ್ಸ್" ಒತ್ಬೇಡಿ, ಅದು ಬೇರೆನೇ ಲೆಕ್ಕ.

ಎರಡನೇದು ಕ್ಯಾಲ್ಕುಲೇಟರಲ್ಲಿ ನೀವೇ ಹಾಕೋದು. ಒಂದ್ಸಲ ಮಾಡಿ ನೋಡಿ, ಯಾವ ವೆಬ್‌ಸೈಟ್ ಏನು ತೋರ್ಸಿದ್ರೂ ಸರಿ ತಪ್ಪು ನಿಮ್ಗೇ ಗೊತ್ತಾಗುತ್ತೆ. ಮ್ಯಾಪಲ್ಲಿ ಪಿನ್ ಹಾಕಿದಾಗ ಹುಡುಕೋ ಜಾಗದಲ್ಲಿ ಎರಡು ನಂಬರ್ ಬರುತ್ತಲ್ಲ, ಮೊದಲ್ನೇದು ಅಕ್ಷಾಂಶ, ಎರಡನೇದು ರೇಖಾಂಶ. ಬೆಂಗ್ಳೂರು ಏರ್‌ಪೋರ್ಟಿಗೆ 13.20 ಮತ್ತು 77.71, ಹೀಥ್ರೋಗೆ 51.47 ಮತ್ತು ಮೈನಸ್ 0.45. ಗ್ರೀನಿಚ್ ಗೆರೆಯಿಂದ ಪಶ್ಚಿಮಕ್ಕಿದ್ರೆ ಮೈನಸ್, ಭೂಮಧ್ಯರೇಖೆಯಿಂದ ದಕ್ಷಿಣಕ್ಕಿದ್ರೂ ಮೈನಸ್.

1. ರೇಖಾಂಶಗಳ ವ್ಯತ್ಯಾಸ ತೆಗೀರಿ. 77.71ರಲ್ಲಿ ಮೈನಸ್ 0.45 ಕಳೆದ್ರೆ ಕೂಡಿದ ಹಾಗಾಗುತ್ತೆ, 78.16.
2. ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ. ಸೈನ್ 13.20 ಗುಣಿಸು ಸೈನ್ 51.47, ಬಂದದ್ದು 0.1786.
3. ಎರಡೂ ಅಕ್ಷಾಂಶಗಳ ಕಾಸ್, ಅದಕ್ಕೆ ವ್ಯತ್ಯಾಸದ ಕಾಸ್, ಮೂರನ್ನೂ ಗುಣಿಸಿ. ಕಾಸ್ 13.20, ಕಾಸ್ 51.47, ಕಾಸ್ 78.16, ಬಂದದ್ದು 0.1244.
4. ಎರಡೂ ಕೂಡ್ಸಿ, 0.303. ಇದಕ್ಕೆ ಕಾಸ್ ಇನ್ವರ್ಸ್ ಒತ್ತಿದ್ರೆ 72.36 ಡಿಗ್ರಿ.
5. ಒಂದು ಡಿಗ್ರಿಗೆ 111.2 ಕಿಮೀ. ಗುಣಿಸಿದ್ರೆ 8,046 ಕಿಮೀ.

ಇಷ್ಟೇ. ಇದ್ರಲ್ಲಿ ತಪ್ಪಾಗೋದು ಎರಡೇ ಕಡೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಇರ್ಬೇಕು, ರೇಡಿಯನ್‌ನಲ್ಲಿದ್ರೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತೆ. ಎಕ್ಸೆಲ್ ಶೀಟಲ್ಲಿ ಹಾಕೋರು ಇಲ್ಲೇ ಬೀಳೋದು, ಎಕ್ಸೆಲ್‌ನ ಸೈನ್ ಕಾಸ್ ಯಾವಾಗ್ಲೂ ರೇಡಿಯನ್‌ನಲ್ಲೇ ಲೆಕ್ಕ ಮಾಡುತ್ತೆ, ಮೊದ್ಲು ಡಿಗ್ರಿನ ರೇಡಿಯನ್‌ಗೆ ಬದಲಾಯಿಸ್ಕೋಬೇಕು. ಇನ್ನೊಂದು ಆ ಮೈನಸ್ ಚಿಹ್ನೆ. ಲಂಡನ್‌ಗೆ ಮರೆತ್ರೂ ಅಂಥ ವ್ಯತ್ಯಾಸ ಆಗಲ್ಲ, ಆದ್ರೆ ಸ್ಯಾನ್ ಫ್ರಾನ್ಸಿಸ್ಕೋ ಮೈನಸ್ 122.4ರಲ್ಲಿದೆ, ಅದ್ರ ಮೈನಸ್ ಬಿಟ್ಟುಬಿಟ್ರೆ 14,000 ಕಿಮೀ ಬರ್ಬೇಕಾದ ಜಾಗದಲ್ಲಿ 5,000 ಚಿಲ್ರೆ ಬರುತ್ತೆ.

ಉತ್ತರ 20,000 ಕಿಮೀ ದಾಟಿದ್ರೆ ಕಣ್ಮುಚ್ಕೊಂಡು ತಪ್ಪು ಅನ್ನಿ. ಭೂಮಿ ಸುತ್ತಳತೆನೇ 40,000 ಕಿಮೀ ಹತ್ರ, ಯಾವ ಎರಡು ಊರಿನ ಮಧ್ಯೆನೂ ಅದ್ರ ಅರ್ಧಕ್ಕಿಂತ ಜಾಸ್ತಿ ಇರೋಕೆ ಸಾಧ್ಯ ಇಲ್ಲ.

ಮೈಲಿ ಕಿಮೀ ಗೊಂದಲನೂ ಇಲ್ಲೇ ಮುಗಿಸ್ಕೊಳ್ಳಿ. ಇದೇ ಲಂಡನ್ ದೂರ ಒಂದು ಕಡೆ 5,000 ಅಂತಿರುತ್ತೆ, ಇನ್ನೊಂದು ಕಡೆ 4,344 ಅಂತಿರುತ್ತೆ, ನಮ್ಮ 8,046 ಸೇರಿ ಮೂರೂ ಸರಿನೇ. 5,000 ಅನ್ನೋದು ಸಾಮಾನ್ಯ ಮೈಲಿ (1.609 ಕಿಮೀ), 4,344 ಅನ್ನೋದು ವಿಮಾನ ಹಡಗಿನವ್ರು ಬಳಸೋ ನಾಟಿಕಲ್ ಮೈಲಿ (1.852 ಕಿಮೀ).

ಗೋಡೆ ಮೇಲಿನ ಚಪ್ಪಟೆ ಮ್ಯಾಪಲ್ಲಿ ಸ್ಕೇಲ್ ಇಟ್ಟು ಅಳೀಬೇಡಿ, ಭೂಮಿ ಚಪ್ಪಟೆ ಇಲ್ವಲ್ಲ. ಶಾಲೆಲಿ ಗ್ಲೋಬ್ ಇದ್ರೆ ಅದ್ರ ಮೇಲೆ ಒಂದು ದಾರನ ಬಿಗಿಯಾಗಿ ಎಳೆದು ನೋಡಿ, ವಿಮಾನ ಯಾಕೆ ಮ್ಯಾಪಲ್ಲಿ ಬಿಲ್ಲಿನ ಹಾಗೆ ಬಾಗಿ ಹೋಗೋ ಹಾಗೆ ಕಾಣುತ್ತೆ ಅಂತ ಮಕ್ಳಿಗೂ ಅರ್ಥ ಆಗುತ್ತೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗ್ಳೂರಿಗೆ ಏರ್ ಇಂಡಿಯಾದ ಮೊದ್ಲ ನೇರ ವಿಮಾನ ಬಂದಿದ್ದು ಉತ್ತರ ಧ್ರುವದ ಮೇಲೇನೇ, 17 ಗಂಟೆ ಹತ್ರ ಹಿಡೀತು.

ಹಂತ 3: ದೂರದಿಂದ ಹಾರಾಟದ ಟೈಮ್ ತೆಗೆಯೋದು

ದೊಡ್ಡ ವಿಮಾನ ಮೇಲೆ ಹೋದ್ಮೇಲೆ ಗಂಟೆಗೆ 850ರಿಂದ 900 ಕಿಮೀ ವೇಗದಲ್ಲಿ ಹೋಗುತ್ತೆ. ಹಾಗಂತ 8,046ನ 900ರಿಂದ ಭಾಗಿಸಿ ಒಂಬತ್ತು ಗಂಟೆ ಅಂದ್ಬಿಡ್ಬೇಡಿ. ವಿಮಾನ ಗೆರೆ ಎಳೆದ ಹಾಗೆ ಹೋಗಲ್ಲ, ನಿಗದಿ ಆಗಿರೋ ದಾರಿಲಿ ಹೋಗುತ್ತೆ, ಸ್ವಲ್ಪ ಸುತ್ತು ಇದ್ದೇ ಇರುತ್ತೆ. ಏರೋವಾಗ ಇಳಿಯೋವಾಗ ನಿಧಾನ, ರನ್‌ವೇ ತನಕ ಉರುಳಿ ಹೋಗೋದೂ ಟಿಕೆಟ್ ಟೈಮಲ್ಲಿ ಸೇರಿರುತ್ತೆ.

ನಾನು ಬಳಸೋ ಲೆಕ್ಕ ಇದು. ದೂರ 3,000 ಕಿಮೀ ಒಳಗಿದ್ರೆ ಅದಕ್ಕೆ 8 ಪರ್ಸೆಂಟ್ ಸೇರ್ಸಿ, ಅದಕ್ಕಿಂತ ಜಾಸ್ತಿ ಇದ್ರೆ 5 ಪರ್ಸೆಂಟ್ ಸೇರ್ಸಿ. ಬಂದಿದ್ದನ್ನ 850ರಿಂದ ಭಾಗಿಸಿ. ಕೊನೇಲಿ 35 ನಿಮಿಷ ಕೂಡ್ಸಿ.

ಬೆಂಗ್ಳೂರಿಂದ ದೆಹಲಿ 1,700 ಕಿಮೀ, ಲೆಕ್ಕ ಹಾಕಿದ್ರೆ 2 ಗಂಟೆ 45 ನಿಮಿಷ ಬರುತ್ತೆ, ವೇಳಾಪಟ್ಟಿಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ದುಬೈ 2,700 ಕಿಮೀ, 4 ಗಂಟೆ. ಲಂಡನ್ 8,046 ಕಿಮೀ, ಹತ್ತೂವರೆ ಗಂಟೆ.

ಆದ್ರೆ ಲಂಡನ್‌ಗೆ ಹೋಗೋವಾಗ ಹತ್ತೂವರೆಗಿಂತ ಜಾಸ್ತಿ, ಬರೋವಾಗ ಹತ್ತರ ಆಸುಪಾಸು, ಯಾಕೆ ಅಂತ ಸುಮಾರು ಜನ ಕೇಳ್ತಾರೆ. ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸ್ತಿರುತ್ತೆ, ಜೆಟ್ ಸ್ಟ್ರೀಮ್ ಅಂತಾರೆ, ಚಳಿಗಾಲದಲ್ಲಿ ಇನ್ನೂ ಜೋರು. ಪೂರ್ವಕ್ಕೆ ಬರೋ ವಿಮಾನನ ಅದು ಹಿಂದಿಂದ ತಳ್ಳುತ್ತೆ, ಪಶ್ಚಿಮಕ್ಕೆ ಹೋಗೋದಕ್ಕೆ ಎದುರು ನಿಲ್ಲುತ್ತೆ. ಹಾಗಾಗಿ ಯುರೋಪಿಗೆ ಹೋಗೋವಾಗ ಲೆಕ್ಕಕ್ಕೆ ಅರ್ಧ ಗಂಟೆ ಜಾಸ್ತಿ ಹಾಕ್ಕೊಳ್ಳಿ, ಬರೋವಾಗ ಅರ್ಧ ಗಂಟೆ ಕಮ್ಮಿ. ಎರಡೂ ಕಡೆಗೆ ಒಂದೇ ಟೈಮ್ ಇಟ್ಕೊಳ್ಳೋದು ಸುಮಾರು ಜನ ಮಾಡೋ ತಪ್ಪು.

ಇದ್ರ ಜೊತೆಗೆ ಮುಚ್ಚಿದ ಆಕಾಶ. ರಷ್ಯಾ 2022ರಿಂದ ಯುರೋಪಿನ ಬಹುತೇಕ ಕಂಪನಿಗಳನ್ನ ಒಳಗೆ ಬಿಡ್ತಿಲ್ಲ, ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ನಮ್ಮ ದೇಶದ ವಿಮಾನಗಳಿಗೆ ಬಾಗಿಲು ಹಾಕ್ತು, ಅದ್ರಿಂದ ದೆಹಲಿಯಿಂದ ಯುರೋಪು ಅಮೆರಿಕಕ್ಕೆ ಹೋಗೋ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆ ಸುತ್ತಿ ಹೋಗ್ಬೇಕಾಯ್ತು. ಹೋದ ವರ್ಷ ಅಣ್ಣ ಹೋದಾಗ ಇಷ್ಟೇ ಹಿಡೀತು ಅನ್ನೋ ಮಾತನ್ನ ಅದಕ್ಕೇ ನಂಬ್ಕೋಬೇಡಿ. ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ತೆಗೆದು ವಿಮಾನದ ನಂಬರ್ ಹಾಕಿದ್ರೆ ಕಳೆದ ಕೆಲವು ದಿನ ಅದು ನಿಜವಾಗ್ಲೂ ಎಷ್ಟೊತ್ತಿಗೆ ಹಾರ್ತು, ಎಷ್ಟೊತ್ತಿಗೆ ಇಳೀತು ಅಂತ ಸಿಗುತ್ತೆ, ದುಡ್ಡು ಕೊಡ್ಬೇಕಾಗಿಲ್ಲ.

ಹಂತ 4: ಎರಡು ಗಡಿಯಾರನ ಒಂದು ಮಾಡೋದು

ಎಲ್ರೂ ಬೀಳೋ ಗುಂಡಿ ಇದೇ, ಅದಕ್ಕೆ ನಿಧಾನವಾಗಿ ಓದಿ.

ಟಿಕೆಟಲ್ಲಿ ಹೊರಡೋ ಟೈಮು ಹೊರಡೋ ಊರಿನ ಗಡಿಯಾರದ್ದು, ಇಳಿಯೋ ಟೈಮು ಇಳಿಯೋ ಊರಿನ ಗಡಿಯಾರದ್ದು. ಯಾವ ಕಂಪನಿ ಟಿಕೆಟ್ ಆದ್ರೂ ಹೀಗೇ. ಎರಡನ್ನೂ ನೇರವಾಗಿ ಕಳೆಯೋ ಹಾಗೇ ಇಲ್ಲ. ಎರಡನ್ನೂ ಮೊದ್ಲು ನಮ್ಮ ಟೈಮಿಗೆ ತನ್ನಿ, ಆಮೇಲೆ ಕಳೀರಿ.

ನಮ್ಮ ಗಡಿಯಾರಕ್ಕಿಂತ ಯಾರು ಎಷ್ಟು ಹಿಂದೆ ಮುಂದೆ ಇದಾರೆ ಅಂತ ನಮ್ ಕಡೆಯವ್ರು ಜಾಸ್ತಿ ಹೋಗೋ ಊರುಗಳದ್ದು ಬರೀತೀನಿ:

- ದುಬೈ, ಅಬುಧಾಬಿ, ಮಸ್ಕತ್: ಒಂದೂವರೆ ಗಂಟೆ ಹಿಂದೆ, ವರ್ಷವಿಡೀ
- ದೋಹಾ, ರಿಯಾದ್, ಕುವೈತ್, ಬಹ್ರೇನ್: ಎರಡೂವರೆ ಗಂಟೆ ಹಿಂದೆ, ವರ್ಷವಿಡೀ
- ಲಂಡನ್: ಚಳಿಗಾಲದಲ್ಲಿ ಐದೂವರೆ, ಬೇಸಿಗೆಲಿ ನಾಲ್ಕೂವರೆ ಗಂಟೆ ಹಿಂದೆ
- ಜರ್ಮನಿ: ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಲಿ ಮೂರೂವರೆ ಹಿಂದೆ
- ನ್ಯೂಯಾರ್ಕ್, ಟೊರೊಂಟೊ: ಚಳಿಗಾಲದಲ್ಲಿ ಹತ್ತೂವರೆ, ಬೇಸಿಗೆಲಿ ಒಂಬತ್ತೂವರೆ ಹಿಂದೆ
- ಸ್ಯಾನ್ ಫ್ರಾನ್ಸಿಸ್ಕೋ: ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಲಿ ಹನ್ನೆರಡೂವರೆ ಹಿಂದೆ
- ಸಿಂಗಾಪುರ: ಎರಡೂವರೆ ಗಂಟೆ ಮುಂದೆ, ವರ್ಷವಿಡೀ
- ಸಿಡ್ನಿ: ನಾಲ್ಕೂವರೆ ಮುಂದೆ, ಅಲ್ಲಿನ ಬೇಸಿಗೆ ಅಂದ್ರೆ ಅಕ್ಟೋಬರಿಂದ ಏಪ್ರಿಲ್ ತನಕ ಐದೂವರೆ ಮುಂದೆ

ಬೇಸಿಗೆ ಚಳಿಗಾಲ ಅಂತ ಬದಲಾಗೋದು ಅಲ್ಲಿನವ್ರು ಗಡಿಯಾರನ ವರ್ಷಕ್ಕೆ ಎರಡು ಸಲ ತಿರುಗಿಸೋದ್ರಿಂದ. ಯುರೋಪಲ್ಲಿ ಮಾರ್ಚ್ ಕೊನೇ ಭಾನುವಾರ ಮುಂದಕ್ಕೆ, ಅಕ್ಟೋಬರ್ ಕೊನೇ ಭಾನುವಾರ ಹಿಂದಕ್ಕೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ್ನೇ ಭಾನುವಾರ. ಮಾರ್ಚ್‌ನಲ್ಲಿ ಟಿಕೆಟ್ ತಗೊಂಡು ಏಪ್ರಿಲ್‌ನಲ್ಲಿ ಹೋಗೋರು ಯಾವ ದಿನ ಪ್ರಯಾಣ ಮಾಡ್ತೀರೋ ಆ ದಿನದ ವ್ಯತ್ಯಾಸ ಹಿಡೀಬೇಕು, ಟಿಕೆಟ್ ತಗೊಂಡ ದಿನದ್ದಲ್ಲ.

ಒಂದು ಉದಾಹರಣೆ ಪೂರ್ತಿ ಮಾಡಿ ತೋರಿಸ್ತೀನಿ. ಜನವರಿಯಲ್ಲಿ ಬೆಂಗ್ಳೂರಿಂದ ದುಬೈ ಮೇಲೆ ನ್ಯೂಯಾರ್ಕಿಗೆ ಒಂದು ಟಿಕೆಟ್ ಇದೆ ಅನ್ಕೊಳ್ಳಿ. ಬೆಂಗ್ಳೂರು ಬಿಡೋದು ಬೆಳಗಿನ ಜಾವ 4:00, ದುಬೈ ಸೇರೋದು 6:30, ಅಲ್ಲಿಂದ 8:30ಕ್ಕೆ ಹೊರಟು ನ್ಯೂಯಾರ್ಕ್ ಮಧ್ಯಾಹ್ನ 1:30, ಅದೇ ತಾರೀಖು. ಬರೀ ಮೊದ್ಲು ಕೊನೇದು ನೋಡಿದವ್ರು ನಾಲ್ಕರಿಂದ ಒಂದೂವರೆ, ಒಂಬತ್ತೂವರೆ ಗಂಟೆ ಅಂತಾರೆ.

ಹಾಳೆಲಿ ನಮ್ಮ ಗಡಿಯಾರದ ಕಾಲಮ್ ತುಂಬಿಸಿ. ಹೊರಟಿದ್ದು 4:00. ದುಬೈ 6:30ಕ್ಕೆ ಒಂದೂವರೆ ಕೂಡ್ಸಿದ್ರೆ ನಮ್ಮ 8:00, ಅಂದ್ರೆ ಹಾರಾಟ 4 ಗಂಟೆ. ದುಬೈ 8:30 ಅಂದ್ರೆ ನಮ್ಮ 10:00, ಕಾದಿದ್ದು 2 ಗಂಟೆ. ನ್ಯೂಯಾರ್ಕ್ ಮಧ್ಯಾಹ್ನ 1:30ಕ್ಕೆ ಹತ್ತೂವರೆ ಕೂಡ್ಸಿ, ನಮ್ಮ ಮಧ್ಯರಾತ್ರಿ 12:00. ಎರಡನೇ ಹಾರಾಟ 14 ಗಂಟೆ. ಒಟ್ಟು 20 ಗಂಟೆ. ಇವ್ರು ಮಧ್ಯಾಹ್ನ ಇಳಿದು ಫೋನ್ ಮಾಡೋ ಹೊತ್ತಿಗೆ ಹಾಸನದಲ್ಲಿ ಎಲ್ರೂ ಮಲಗಿರ್ತಾರೆ.

ಲೆಕ್ಕ ಸರಿ ಇದ್ಯಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ದೂರನ ನಿಮ್ಗೆ ಬಂದ ಗಂಟೆಯಿಂದ ಭಾಗಿಸಿ. 1,500 ಕಿಮೀಗಿಂತ ದೂರದ ವಿಮಾನ ಆದ್ರೆ ಉತ್ತರ 600ರಿಂದ 950ರ ಒಳಗೆ ಬರ್ಬೇಕು. ನ್ಯೂಯಾರ್ಕ್ 13,300 ಕಿಮೀ, ಒಂಬತ್ತೂವರೆಯಿಂದ ಭಾಗಿಸಿದ್ರೆ ಗಂಟೆಗೆ 1,400 ಬರುತ್ತೆ, ಅಷ್ಟು ವೇಗದಲ್ಲಿ ಹೋಗೋ ಪ್ಯಾಸೆಂಜರ್ ವಿಮಾನ ಈಗ ಎಲ್ಲೂ ಇಲ್ಲ. 600ಕ್ಕಿಂತ ಕೆಳಗೆ ಬಂದ್ರೆ ಮಧ್ಯೆ ಎಲ್ಲೋ ನಿಲ್ಲುತ್ತೆ ಅಂತ ಅರ್ಥ.

ಹಂತ 5: ತಾರೀಖು, ಅದ್ರಲ್ಲೂ ಮಧ್ಯರಾತ್ರಿ ವಿಮಾನ

ಬೆಂಗ್ಳೂರಿಂದ ಹೊರದೇಶಕ್ಕೆ ಹೋಗೋ ವಿಮಾನಗಳಲ್ಲಿ ಸುಮಾರು ಮಧ್ಯರಾತ್ರಿ ದಾಟಿದ್ಮೇಲೆ, ಬೆಳಗಾಗೋ ಮುಂಚೆ ಹಾರ್ತವೆ. ಟಿಕೆಟಲ್ಲಿ "20 ಜನವರಿ, 01:30" ಅಂತಿದ್ರೆ ಅದು 19ನೇ ತಾರೀಖಿನ ರಾತ್ರಿ. ನಾವು ಮಾತಾಡೋವಾಗ ಬೆಳಗಾಗೋ ತನಕ ಹಿಂದಿನ ದಿನನೇ ಅಂತೀವಿ, ಟಿಕೆಟ್ ಹಾಗಲ್ಲ, 12 ಹೊಡೀತಿದ್ದ ಹಾಗೇ ತಾರೀಖು ಬದಲು.

ಅದಕ್ಕೆ ಗೋಡೆ ಕ್ಯಾಲೆಂಡರಲ್ಲಿ 20ಕ್ಕೆ ಸುತ್ತು ಹಾಕ್ಬೇಡಿ. 19ಕ್ಕೆ ಹಾಕಿ, ಪಕ್ಕದಲ್ಲಿ "ಸಂಜೆ 5ಕ್ಕೆ ಮನೆ ಬಿಡೋದು" ಅಂತ ಬರೀರಿ. ಕ್ಯಾಬ್ ಡ್ರೈವರ್‌ಗೆ ಹೇಳೋವಾಗ್ಲೂ ವಿಮಾನದ ತಾರೀಖು ಹೇಳ್ಬೇಡಿ, ಮನೆ ಬಿಡೋ ತಾರೀಖು ವಾರ ಎರಡೂ ಹೇಳಿ. ಇಳಿಯೋ ಟೈಮ್ ಪಕ್ಕ ಸಣ್ಣ ಅಕ್ಷರದಲ್ಲಿ +1 ಅಂತಿದ್ರೆ ಮಾರನೇ ದಿನ ಇಳಿಯೋದು ಅಂತ, ವಾಟ್ಸಾಪಲ್ಲಿ ಟಿಕೆಟ್ ಫೋಟೋ ಕಳ್ಸಿದಾಗ ಅದು ಕಾಣೋದೇ ಇಲ್ಲ, ಝೂಮ್ ಮಾಡಿ ನೋಡಿ.

ಹಂತ 6: ಮಧ್ಯೆ ಇಳಿದು ಹತ್ತೋ ಟೈಮ್

ನಾನ್‌ಸ್ಟಾಪ್ ಅಂದ್ರೆ ಎಲ್ಲೂ ನಿಲ್ಲಲ್ಲ. ಡೈರೆಕ್ಟ್ ಅಂದ್ರೆ ವಿಮಾನದ ನಂಬರ್ ಒಂದೇ, ಮಧ್ಯೆ ನಿಲ್ಲಬಹುದು. ಟ್ರಾವೆಲ್ಸ್‌ನವ್ರು ಎರಡಕ್ಕೂ ಡೈರೆಕ್ಟ್ ಅಂತಾನೇ ಹೇಳ್ತಾರೆ, "ಎಲ್ಲಾದ್ರೂ ಇಳಿಯುತ್ತಾ" ಅಂತ ಬಿಡಿಸಿ ಕೇಳಿ. ಲೋಕದಲ್ಲೇ ಅತಿ ಉದ್ದದ ನಾನ್‌ಸ್ಟಾಪ್‌ಗಳಲ್ಲಿ ಒಂದಾದ ಸಿಂಗಾಪುರ ನ್ಯೂಯಾರ್ಕ್ ವಿಮಾನ 15,300 ಕಿಮೀ, 18 ಗಂಟೆ ಚಿಲ್ರೆ. ಯಾರಾದ್ರೂ 22 ಗಂಟೆ ಡೈರೆಕ್ಟ್ ಅಂದ್ರೆ ಮಧ್ಯೆ ಇಳಿಯೋದು ಗ್ಯಾರಂಟಿ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇದ್ಯಾ ಅನ್ನೋದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಒಂದೇ ಆದ್ರೆ ಮೊದ್ಲ ವಿಮಾನ ಲೇಟಾಗಿ ಎರಡನೇದು ತಪ್ಪಿದ್ರೆ ಮುಂದಿನ ವಿಮಾನಕ್ಕೆ ಹತ್ತಿಸೋ ಜವಾಬ್ದಾರಿ ಕಂಪನಿದು. ಬೇರೆ ಬೇರೆ ಟಿಕೆಟ್ ಆದ್ರೆ ತಪ್ಪಿದ್ರೆ ನಿಮ್ ದುಡ್ಡು ಹೋಯ್ತು, ಬ್ಯಾಗೂ ಸಾಮಾನ್ಯವಾಗಿ ನೀವೇ ತಗೊಂಡು ಮತ್ತೆ ಚೆಕ್ ಇನ್ ಮಾಡ್ಬೇಕು. ಎರಡು ಮೂರು ಸಾವಿರ ಉಳಿಯುತ್ತೆ ಅಂತ ವಯಸ್ಸಾದವ್ರಿಗೆ ಬೇರೆ ಬೇರೆ ಟಿಕೆಟ್ ತೆಗೀಬೇಡಿ, ಕೈಮುಗಿದು ಕೇಳ್ಕೋತೀನಿ.

ಒಂದೇ ಪಿಎನ್‌ಆರ್ ಇದ್ರೂ ಮಧ್ಯೆ ಎರಡು ಗಂಟೆಗಿಂತ ಕಮ್ಮಿ ಇದ್ರೆ ಇಂಗ್ಲಿಷ್ ಬಾರದ ಅಪ್ಪ ಅಮ್ಮಂಗೆ ಕಷ್ಟ, ಮೂರು ಗಂಟೆ ಇರೋದು ಹುಡುಕಿ, ವೀಲ್‌ಚೇರ್ ಸಹಾಯ ಟಿಕೆಟ್ ತೆಗೆಯೋವಾಗ್ಲೇ ಹಾಕ್ಸಿ. ಅಮೆರಿಕಕ್ಕೆ ಹೋಗೋರು ಸಾಮಾನ್ಯವಾಗಿ ಅಮೆರಿಕದಲ್ಲಿ ಮೊದ್ಲು ಇಳಿಯೋ ಊರಲ್ಲೇ ಇಮಿಗ್ರೇಷನ್ ಮುಗ್ಸಿ ಬ್ಯಾಗ್ ತಗೊಂಡು ಮತ್ತೆ ಕೊಡ್ಬೇಕು, ಅಲ್ಲಿ ಎರಡು ಗಂಟೆ ಸಾಲೋದೇ ಇಲ್ಲ.

ಹಂತ 7: ಮನೆಯಿಂದ ಏರ್‌ಪೋರ್ಟಿಗೆ

ಈಗ ನಮ್ ರೋಡಿಗೆ ಬನ್ನಿ. ಹಾಸನದಿಂದ ಕೆಂಪೇಗೌಡ ಏರ್‌ಪೋರ್ಟಿಗೆ ಸುಮಾರು 210 ಕಿಮೀ, ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ನೆಲಮಂಗಲ ತನಕ ರೋಡ್ ಚೆನ್ನಾಗಿದೆ, ತೊಂದ್ರೆ ಶುರುವಾಗೋದೇ ಅಲ್ಲಿಂದ. ಬೆಂಗ್ಳೂರು ಒಳಗೆ ಹೋಗಿ ಯಶವಂತಪುರ, ಹೆಬ್ಬಾಳದ ಮೇಲೆ ಹೋಗೋದಕ್ಕಿಂತ ನೆಲಮಂಗಲದಲ್ಲೇ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಮೇಲೆ ಹೋಗಿ ಅಂತೀನಿ ನಾನು, ಹೆಬ್ಬಾಳದ ಟ್ರಾಫಿಕ್ ನಂಬ್ಕೊಂಡು ವಿಮಾನಕ್ಕೆ ಹೊರಡೋ ಹಾಗಿಲ್ಲ. ಗಾಡಿಲಿ ನಾಲ್ಕೂವರೆ ಗಂಟೆ ಇಟ್ಕೊಳ್ಳಿ, ಅದ್ರ ಮೇಲೆ ಒಂದು ಗಂಟೆ ಜಾಸ್ತಿ ಇಟ್ಕೊಳ್ಳಿ.

ಚಿಕ್ಕಮಗಳೂರಿಂದ 260 ಕಿಮೀ ಮೇಲೆ. ಬೇಲೂರು, ಹಾಸನ ಮೇಲೆ ಬರೋದು ಒಂದು ದಾರಿ. ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಮೇಲೆ ಬಂದು ಡಾಬಸ್‌ಪೇಟೆಲಿ ದೊಡ್ಡಬಳ್ಳಾಪುರದ ಹೈವೇ ಹಿಡಿಯೋದು ಇನ್ನೊಂದು, ಇದ್ರಲ್ಲಿ ನೆಲಮಂಗಲ, ಬೆಂಗ್ಳೂರು ಎರಡೂ ತಪ್ಪುತ್ತೆ. ಐದೂವರೆ ಗಂಟೆ, ಜೊತೆಗೆ ಆ ಒಂದು ಗಂಟೆ.

ಭಾನುವಾರ ಸಂಜೆ ಮತ್ತೆ ಹಬ್ಬದ ರಜೆ ಮುಗಿಯೋ ದಿನ ಊರಿಂದ ಬೆಂಗ್ಳೂರಿಗೆ ವಾಪಸ್ ಹೋಗೋರೆಲ್ಲ ಒಟ್ಟಿಗೆ ಬಂದು ನೆಲಮಂಗಲ ಟೋಲ್ ಹತ್ರ ಗಾಡಿ ಇರುವೆ ಸಾಲಾಗಿರುತ್ತೆ. ಆ ದಿನ ಒಂದು ಗಂಟೆ ಅಲ್ಲ, ಎರಡು ಗಂಟೆ ಜಾಸ್ತಿ ಇಟ್ಕೊಳ್ಳಿ. ಬಸ್ಸಲ್ಲಿ ಹೋಗೋರು ಮೆಜೆಸ್ಟಿಕ್‌ನಲ್ಲಿ ಇಳಿದು ಬಿಎಂಟಿಸಿ ವಾಯುವಜ್ರ ಹಿಡೀಬೇಕು. ರೈಲಲ್ಲಿ ಹೋಗೋರು ಯಶವಂತಪುರದಲ್ಲಿ ಇಳಿದ್ರೆ ಹತ್ರ. ಎರಡಕ್ಕೂ ಗಾಡಿಗಿಂತ ಎರಡು ಗಂಟೆ ಜಾಸ್ತಿ ಹಿಡೀಬಹುದು ಅಂತಾನೇ ಲೆಕ್ಕ ಹಾಕಿ.

ದುಬೈ ಕಡೆಗೆ ಹೋಗೋರು ಮಂಗ್ಳೂರಿನ ಬಜ್ಪೆನೂ ನೋಡ್ತಾರೆ, ಕಿಮೀ ಲೆಕ್ಕದಲ್ಲಿ ಹತ್ರನೇ. ಆದ್ರೆ ಜೂನಿಂದ ಸೆಪ್ಟೆಂಬರ್ ತನಕ ಶಿರಾಡಿ, ಚಾರ್ಮಾಡಿ ನಂಬಿ ವಿಮಾನಕ್ಕೆ ಹೊರಡ್ಬೇಡಿ. ಗುಡ್ಡ ಕುಸಿದು ಶಿರಾಡಿ ಬಂದ್ ಆದ್ರೆ ಎಲ್ಲಾ ಗಾಡಿನೂ ಉಳಿದ ಘಾಟಿಗೆ ತಿರುಗುತ್ತೆ. ಮಳೆಗಾಲದಲ್ಲಿ ಮಂಗ್ಳೂರಿಂದಲೇ ಹೋಗ್ಬೇಕು ಅಂದ್ರೆ ಹಿಂದಿನ ದಿನವೇ ಘಾಟಿ ಇಳಿದು ಅಲ್ಲೇ ಉಳ್ಕೊಳ್ಳಿ.

ಏರ್‌ಪೋರ್ಟಿಗೆ ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ, ಒಳದೇಶದ್ದಕ್ಕೆ ಎರಡು ಗಂಟೆ ಮುಂಚೆ. ಚೆಕ್ ಇನ್ ಕೌಂಟರ್ ಸಾಮಾನ್ಯವಾಗಿ ಹೊರಡೋಕೆ 60 ನಿಮಿಷ ಮುಂಚೆ ಮುಚ್ಚುತ್ತೆ, ಕೆಲವು ಕಂಪನಿದು ಇನ್ನೂ ಮುಂಚೆ. ಬಾಗಿಲಲ್ಲಿ ವಿಮಾನ ನಿಂತಿದ್ರೂ ಕೌಂಟರ್ ಮುಚ್ಚಿದ್ಮೇಲೆ ಏನೂ ನಡೆಯಲ್ಲ. ಹೊರದೇಶದ ವಿಮಾನ ಟರ್ಮಿನಲ್ 2ರಿಂದ ಹಾರ್ತವೆ, ಡ್ರೈವರ್‌ಗೆ ಮೊದ್ಲೇ ಹೇಳಿ.

ಹಂತ 8: ಎಲ್ಲಾ ಕೂಡ್ಸೋದು

ಹಾಸನದಿಂದ ಲಂಡನ್, 20 ಜನವರಿ 01:30ರ ನಾನ್‌ಸ್ಟಾಪ್ ವಿಮಾನ ಅಂತ ಉದಾಹರಣೆ ಇಟ್ಕೊಳ್ಳಿ. ಹಿಂದಿಂದ ಲೆಕ್ಕ ಹಾಕ್ಬೇಕು, ಯಾವಾಗ್ಲೂ ವಿಮಾನದ ಟೈಮಿಂದ ಮನೆ ಕಡೆಗೆ. 01:30ರಲ್ಲಿ ಮೂರು ಗಂಟೆ ಕಳೆದ್ರೆ 19ರ ರಾತ್ರಿ 10:30ಕ್ಕೆ ಏರ್‌ಪೋರ್ಟ್. ರೋಡಿಗೆ ನಾಲ್ಕೂವರೆ, ಜಾಸ್ತಿ ಇಟ್ಟಿದ್ದು ಒಂದು, ಸಂಜೆ 5ಕ್ಕೆ ಮನೆ ಬಿಡೋದು.

ಈಗ ಮುಂದಕ್ಕೆ. ಹೋಗೋ ದಿಕ್ಕಿಗೆ ಹಾರಾಟ 11 ಗಂಟೆ ಇಟ್ಕೊಂಡ್ರೆ ಇಳಿಯೋದು ನಮ್ಮ ಮಧ್ಯಾಹ್ನ 12:30, ಲಂಡನ್‌ನಲ್ಲಿ ಬೆಳಗ್ಗೆ 7:00. ಇಮಿಗ್ರೇಷನ್, ಬ್ಯಾಗು ಅಂತ ಒಂದೂವರೆ ಗಂಟೆ, ಅಲ್ಲಿಂದ ಮಗಳ ಮನೆಗೆ ಒಂದು ಗಂಟೆ. ಮನೆ ಸೇರಿದಾಗ ಅಲ್ಲಿ 9:30, ಇಲ್ಲಿ ಮಧ್ಯಾಹ್ನ 3:00. ಹಿಂದಿನ ದಿನ ಸಂಜೆ 5ರಿಂದ 3ರ ತನಕ 22 ಗಂಟೆ. ಅದ್ರಲ್ಲಿ ಹಾರಿದ್ದು ಸರಿಯಾಗಿ ಅರ್ಧ. ಬಿಪಿ ಶುಗರ್ ಮಾತ್ರೆ, ಊಟ ಎಲ್ಲಾ ಈ 22 ಗಂಟೆಗೆ ಪ್ಲಾನ್ ಮಾಡ್ಬೇಕು, 11 ಗಂಟೆಗಲ್ಲ. ಮಾತ್ರೆ ಕೈಚೀಲದಲ್ಲೇ ಇರ್ಲಿ, ಯಾವ ಗಡಿಯಾರಕ್ಕೆ ತಗೋಬೇಕು ಅಂತ ಡಾಕ್ಟರನ್ನ ಮೊದ್ಲೇ ಕೇಳ್ಕೊಳ್ಳಿ.

ಹಂತ 9: ಹಿಂದಿನ ದಿನ ಮತ್ತೆ ನೋಡೋದು, ಕರ್ಕೊಂಡು ಬರೋರ ಲೆಕ್ಕ

ವೇಳಾಪಟ್ಟಿ ಬದಲಾಗುತ್ತೆ. ಮೆಸೇಜ್ ಬರೋದು ಟಿಕೆಟಲ್ಲಿ ಕೊಟ್ಟ ನಂಬರಿಗೆ, ಅದು ಸುಮಾರು ಸಲ ಟ್ರಾವೆಲ್ಸ್‌ನವ್ರದ್ದೇ ಆಗಿರುತ್ತೆ, ನಿಮ್ಗೆ ಗೊತ್ತೇ ಆಗಲ್ಲ. 24 ಗಂಟೆ ಮುಂಚೆ ಕಂಪನಿ ಸೈಟಲ್ಲಿ ಪಿಎನ್‌ಆರ್ ಹಾಕಿ ಟೈಮು, ತಾರೀಖು, ಟರ್ಮಿನಲ್ ಮೂರನ್ನೂ ಹಾಳೆ ಜೊತೆ ತಾಳೆ ನೋಡಿ. ಡಿಸೆಂಬರ್ ಜನವರಿಲಿ ದೆಹಲಿ ಮೇಲೆ ಹೋಗೋರಿಗೆ ಮಂಜಿನ ಕಾಟ ಇದೆ, ಬೆಂಗ್ಳೂರಲ್ಲೂ ಬೆಳಗಿನ ಜಾವ ಮಂಜು ಮುಸುಕಿ ವಿಮಾನ ತಡ ಆಗುತ್ತೆ, ಆ ತಿಂಗಳಲ್ಲಿ ದೆಹಲಿಲಿ ಮಧ್ಯೆ ಎರಡೇ ಗಂಟೆ ಇರೋ ಟಿಕೆಟ್ ಬೇಡ.

ಊರಿಂದ ಕರ್ಕೊಂಡು ಬರೋಕೆ ಹೋಗೋರು ವಿಮಾನ ಹೊರಟ ಟೈಮ್ ನಂಬ್ಕೊಂಡು ಹಾಸನ ಬಿಡ್ಬೇಡಿ, ಫ್ಲೈಟ್‌ರಾಡಾರಲ್ಲಿ ಆ ವಿಮಾನ ಇಳಿಯೋ ಅಂದಾಜು ಟೈಮ್ ನೋಡಿ ಬಿಡಿ. ಲಂಡನ್‌ನಿಂದ ಮಧ್ಯಾಹ್ನ 1:00ಕ್ಕೆ ಹೊರಟ ವಿಮಾನ ಅಂದ್ರೆ ಚಳಿಗಾಲದಲ್ಲಿ ನಮ್ಮ ಸಂಜೆ 6:30, ಹತ್ತು ಗಂಟೆ ಸೇರ್ಸಿದ್ರೆ ಮಾರನೇ ದಿನ ಬೆಳಗಿನ ಜಾವ 4:30ಕ್ಕೆ ಇಳಿಯುತ್ತೆ. ಹೊರಗೆ ಬರೋಕೆ ಇನ್ನೊಂದು ಗಂಟೆಯಿಂದ ಒಂದೂವರೆ. ನೀವು ರಾತ್ರಿ 12:30ಕ್ಕೆ ಹಾಸನ ಬಿಟ್ರೆ ಆರಾಮಾಗಿ ಸಿಗುತ್ತೆ, ರಾತ್ರಿ ರೋಡ್ ಖಾಲಿ ಇರೋದ್ರಿಂದ ಐದರೊಳಗೇ ತಲುಪ್ತೀರಿ. ಆದ್ರೆ ಒಬ್ಬರೇ ಓಡ್ಸ್ಕೊಂಡು ಹೋಗಿ ಒಬ್ಬರೇ ಓಡ್ಸ್ಕೊಂಡು ಬರ್ಬೇಡಿ, ಹಗಲು ನಿದ್ದೆ ಮಾಡಿರೋ ಇನ್ನೊಬ್ಬ ಡ್ರೈವರ್ ಜೊತೆಲಿರ್ಲಿ, ಬರೋವಾಗ ಯಡಿಯೂರಲ್ಲೋ ಬೆಳ್ಳೂರು ಕ್ರಾಸಲ್ಲೋ ನಿಲ್ಸಿ ತಿಂಡಿ ಮುಗ್ಸಿ, ಕೈ ಬದಲಾಯಿಸ್ಕೊಂಡು ಹೊರಡಿ.